ಸೈಮನ್ ಮಾಸ್ಟ್ರ ಹೆಂಡತಿಯ ಪುಟ

ಕರುಣಾಮಯನಾದ ದೇವರಿಗೆ ಸ್ತೋತ್ರ. ತಲ್ಲೂರಿನಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಏಳೆಂಟು ಮಂದಿ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪ್ರತಿ ಹಿಡಿದು, ಒಬ್ಬರಿಗೆ ಒಂದು ಪುಟದಂತೆ ಹಳೆಯ ಭಕ್ತಿಗ್ರಂಥ ಗಟ್ಟಿಯಾಗಿ ಓದುತ್ತಾರೆ. ಅತಿಥಿಯಾಗಿ ಹೋದ ನಾನು ಖಾಲಿ ಕುರ್ಚಿಯಲ್ಲಿ, ಅದರ ಮೇಲಿದ್ದ ಪ್ರತಿ ಹಿಡಿದು ಕೂತೆ. ನನ್ನ ಸರದಿಗೆ ಬಾಯಿ ತೆರೆದದ್ದೇ, ಪಕ್ಕದ ಸೈಮನ್ ಮಾಸ್ಟ್ರು ಕೈ ಹಿಡಿದರು.

"ಹ್ವಾಯ್, ಓದ್ಬೇಡಿ. ಇದ್ ನನ್ ಹೆಂಡ್ತಿ ಪುಟ. ಪುಸ್ತಕ ಮುಗಿಯೂಕ್ ಮೊದ್ಲೇ ತೀರಿಹೋದ್ಳ್. ಬೇರೆಯವ್ರ್ ಓದ್ರೆ ಅವ್ಳ್ ಮತ್ ಓದೂಕ್ ಬತ್ತಿಲ್ಲೆ."

ಎಲ್ಲರೂ ಮೌನವಾಗಿ ಸಾಲುಗಳ ಮೇಲೆ ಕಣ್ಣಾಡಿಸಿದರು. ನನ್ನ ಕಿವಿಯ ಹತ್ತಿರ ಯಾರೋ ಉಸಿರೆಳೆದುಕೊಂಡಂತಾಯಿತು. ಕರ್ತನ ಹೆಸರು ಹೇಳಿಕೊಂಡೆ. ಆಮೇಲೆ ಎಲ್ಲರ ಕೈಗಳೂ ಒಂದೇ ಸಲ ಪುಟ ತಿರುಗಿಸಿದವು, ನನ್ನದೂ.

"ಇವತ್ತ್ ಬೇಗ ಮುಗ್ಸಿದ್ಳ್," ಮಾಸ್ಟ್ರು ನಕ್ಕರು. "ಹೊಸಬ್ರ್ ಕಂಡ್ರೆ ನಾಚ್ಕಿ."

ಕೇಳಿದ ನಿಮ್ಮೆಲ್ಲರಿಗೂ ಕರ್ತನ ಸಮಾಧಾನವಿರಲಿ. ಕೈಯಲ್ಲಿರುವ ಪುಸ್ತಕ ಮುಗಿಯುವಷ್ಟು ಆಯುಷ್ಯವೂ ಇರಲಿ.