ಮೆಂಜಿಯಕ್ಕನ ಉಪ್ಪಿಗೆ ಬಿದ್ದ ಮತ

ನಮ್ಮ ಸ್ವಿಸ್ ಬೆಟ್ಟಗಳಲ್ಲಿ ಮಾತೆತ್ತಿದರೆ ಜನಮತ. ಚೀಟಿಯ ಮೇಲೆ ‘ಬೇಕು’ ಇಲ್ಲವೇ ‘ಬೇಡ’ ಎಂದು ಕೈಯಾರೆ ಬರೆಯಬೇಕು. ಕೈಗೆ ಪೆನ್ನು ಸಿಕ್ಕಿದ ಮೇಲೆ ಜನ ಸುಮ್ಮನಿರುತ್ತಾರೆಯೇ? ‘ನೋಡೋಣ’ ಎಂದು ಬರೆದವರಿದ್ದಾರೆ. ‘ಹೆಂಡತಿ ಹೇಳಿದ ಹಾಗೆ’ ಎಂದು ಬರೆದ ಪುಣ್ಯಾತ್ಮನೂ ಒಬ್ಬನಿದ್ದಾನೆ. ಅಂಥದ್ದನ್ನೆಲ್ಲ ಮತ ಎಣಿಸುವ ಮೆಂಜಿಯಕ್ಕ ಕನ್ನಡಕದ ಮೇಲಿನಿಂದ ನೋಡಿ, “ಕಸ!” ಎಂದು ಪಕ್ಕಕ್ಕೆ ತಳ್ಳುತ್ತಿದ್ದಳು. ಒಮ್ಮೆ ಸ್ವಂತ ತಮ್ಮನ ಚೀಟಿಯನ್ನೇ ತಳ್ಳಿ, ಎರಡು ಕ್ರಿಸ್‌ಮಸ್ ಅವನ ಮುಖ ನೋಡದೆ ಕಳೆದಳು.

ಏಳು ಹಸು, ಬೆಟ್ಟದಾಚೆಗೂ ಕೇಳುವ ಗಂಟಲು, ಬಾಯಿಬಿಡದ ಗಂಡ ಜಾಖೆನ್. ಇಷ್ಟು ಅವಳ ಸಂಸಾರ. ಅವಳಿಗೊಂದು ಹೆಮ್ಮೆಯೂ ಇತ್ತು, ಕಪೂನ್ಸ್. ಹಿಟ್ಟಿಗೆ ಒಣಮಾಂಸದ ಚೂರು ಬೆರೆಸಿ, ಸೊಪ್ಪಿನ ಎಲೆಯಲ್ಲಿ ಸುತ್ತಿ, ಹಾಲಿನಲ್ಲಿ ಬೇಯಿಸುವ ಈ ತಿನಿಸಿನ ವಿಷಯದಲ್ಲಿ ಪ್ರತಿ ಮನೆಯವರಿಗೂ ತಮ್ಮದೇ ಸರಿ, ಪಕ್ಕದ ಮನೆಯದು ಹಂದಿಗೆ ಸರಿ. ಎಣಿಕೆಯ ಭಾನುವಾರ ಅವಳು ಒಂದು ಪಾತ್ರೆ ತುಂಬಾ ತರುತ್ತಿದ್ದಳು. ಎಣಿಸುವವರು ನಾವು ಮೂವರು: ಊರಿನ ಅಧ್ಯಕ್ಷ ಫ್ಲುರಿನ್, ಮೆಂಜಿಯಕ್ಕ, ಮತ್ತು ಚೀಸ್ ಮಾಡುವ ನಾನು. ನಾವಿಬ್ಬರು ಗಂಡಸರು “ಆಹಾ!” ಎನ್ನುತ್ತಾ ತಿಂದು, ಹೊರಗೆ ಹೋಗಿ ನಲ್ಲಿಗೆ ಬಾಯಿ ಕೊಡುತ್ತಿದ್ದೆವು.

ಕಳೆದ ವರ್ಷ ಎದ್ದ ಪ್ರಶ್ನೆ, ನಮ್ಮೂರನ್ನು ಕೆಳಗಿನ ಊರಿಗೆ ಸೇರಿಸಬೇಕೇ ಬೇಡವೇ ಎಂಬುದು. ಫ್ಲುರಿನ್ ‘ಬೇಕು’ ಕಡೆಯವನು. ಸೇರಿಸಿದರೆ ಮೇಲಿನ ಹುಲ್ಲುಗಾವಲಿಗೆ ಅವರ ದನವೂ ನುಗ್ಗುತ್ತದೆ, ಮೇವು ಸಾಲದೆ ಮೆಂಜಿಯಕ್ಕ ಮೂರು ಹಸುವನ್ನಾದರೂ ಮಾರಬೇಕಾಗುತ್ತದೆ. ಹಸು ಮಾರುವ ಮಾತೆತ್ತಿದರೆ ಅವಳ ಕಣ್ಣು ತುಂಬಿಬರುತ್ತಿತ್ತು.

ಎಣಿಸಿ ನೋಡಿದರೆ ‘ಬೇಡ’ಕ್ಕೆ ಒಂದೇ ಒಂದು ಮತ ಹೆಚ್ಚು. ಮೆಂಜಿಯಕ್ಕ ಉಸಿರು ಬಿಡುವಷ್ಟರಲ್ಲಿ ಫ್ಲುರಿನ್ ರಾಶಿಯಿಂದ ಒಂದು ಚೀಟಿ ಎಳೆದು ಗಟ್ಟಿಯಾಗಿ ಓದಿದ:

“ಬೇಡ. ಇದನ್ನು ನುಂಗುವುದಕ್ಕಿಂತ ಮೆಂಜಿಯಾಳ ಕಪೂನ್ಸ್ ನುಂಗುವುದು ವಾಸಿ. ಅದರ ಉಪ್ಪಿಗೆ ಹಸುವಿಗೂ ಬಾಯಾರುತ್ತದೆ.”

ಅಯ್ಯೋ ದೇವರೇ! ನಾನು ಕೆಮ್ಮುವವನಂತೆ ಮುಖ ಮುಚ್ಚಿಕೊಂಡೆ.

ಯಾರನ್ನಾದರೂ ಅವಮಾನಿಸಿ ಬರೆದ ಚೀಟಿ ಲೆಕ್ಕಕ್ಕಿಲ್ಲ ಎಂಬುದು ನಿಯಮ. ಇದು ಹೋದರೆ ಎರಡೂ ಕಡೆ ಸಮ. ಸಮವಾದರೆ ಅಧ್ಯಕ್ಷ ಹೇಳಿದ್ದೇ ತೀರ್ಮಾನ.

“ಅಕ್ಕಾ, ನಿಮಗೆ ಇಂಥಾ ಅವಮಾನಾನಾ? ನನಗೇ ರಕ್ತ ಕುದೀತಿದೆ,” ಎಂದ ಫ್ಲುರಿನ್. ಮುಖ ನೋಡಿದರೆ ಕೆನೆ ಕಂಡ ಬೆಕ್ಕು. “ಕಸ ಅಂದ್ಬಿಡಿ, ಮುಗೀತು.”

ಮೆಂಜಿಯಕ್ಕ ಚೀಟಿಯನ್ನು ಕಿತ್ತುಕೊಂಡು ನೋಡಿದಳು. ನಾನೂ ಇಣುಕಿದೆ. ಅದೇ ಸೊಟ್ಟ ಅಕ್ಷರ! ಅವಳ ಕೊಟ್ಟಿಗೆಯಲ್ಲಿ ಪ್ರತಿ ಹಸುವಿನ ಹೆಸರನ್ನೂ ಜಾಖೆನ್ ಅದೇ ಅಕ್ಷರದಲ್ಲಿ ಬರೆದಿದ್ದ. ಮತ ಗುಟ್ಟಿನದು, ಬಾಯಿ ಬಿಡುವಂತಿಲ್ಲ. ಅವಳ ಕಿವಿ ಕೆಂಪಗಾಯಿತು.

“ಇಲ್ಲದ್ದು ಹೇಳಿದ್ರೆ ತಾನೇ ಅವಮಾನ?” ಎಂದಳು ಕೊನೆಗೆ.

“ಅಂದ್ರೆ ಇದ್ದದ್ದೇ ಬರೆದಿದಾರೆ ಅಂತೀರಾ? ವರದಿಯಲ್ಲಿ ಕಾರಣ ಕೊಡ್ಬೇಕಲ್ಲಕ್ಕಾ. ನಾಳೆ ಅದನ್ನ ಚರ್ಚ್ ಪಕ್ಕದ ಹಲಗೆಗೆ ಅಂಟಿಸ್ತೀವಿ. ಊರೋರೆಲ್ಲಾ ಓದ್ತಾರೆ.”

ಪ್ರಾಣ ಬಿಟ್ಟರೂ ಅವಳು ಒಪ್ಪಲಾರಳು ಎಂದೇ ಅವನ ಲೆಕ್ಕ. ನಿಜ ಹೇಳಬೇಕೆಂದರೆ ನನ್ನದೂ ಅದೇ.

“ಬರಿಯೋ,” ಎಂದಳು ಮೆಂಜಿಯಕ್ಕ. “ಮೆಂಜಿಯಾ ಮಾಡೋ ಕಪೂನ್ಸ್ ಬರೀ ಉಪ್ಪು, ಬಾಯಿಗಿಡಕ್ಕಾಗಲ್ಲ, ಇದು ಊರಿಗೇ ಗೊತ್ತಿರೋ ಸತ್ಯ, ಮತ ಸಿಂಧು. ಏನಯ್ಯಾ ಚೀಸಪ್ಪ, ಒಪ್ತೀಯೋ ಇಲ್ವೋ?”

ನನ್ನ ಕೈ ಏಳಬೇಕಾದ್ದಕ್ಕಿಂತ ತುಸು ಬೇಗನೇ ಮೇಲಕ್ಕೆ ಹೋಯಿತು. ಇಬ್ಬರು ಒಂದು ಕಡೆಯಾದ ಮೇಲೆ ಫ್ಲುರಿನ್ ಹಲ್ಲು ಕಚ್ಚಿಕೊಂಡು ಬರೆದ. ಹುಲ್ಲುಗಾವಲು ಉಳಿಯಿತು.

ಆ ದಿನದ ಪಾತ್ರೆಯನ್ನು ಯಾರೂ ಮುಟ್ಟಿರಲಿಲ್ಲ. ಅದನ್ನು ನಾನೇ ಹೊತ್ತು ಅವಳ ಜೊತೆ ಮನೆಗೆ ಹೋದೆ. ಒಳಗೆ ಕಾಲಿಟ್ಟವಳೇ ಒಂದು ತಟ್ಟೆ ಬಡಿಸಿ ಜಾಖೆನ್ ಮುಂದೆ ಕುಕ್ಕಿದಳು.

“ತಿನ್ನು.”

ಅವನು ತಿಂದ. ನೀರು ಕುಡಿದ. “ಗೆದ್ವಾ?” ಎಂದ.

“ಗೆದ್ವಿ. ಹೇಗಿದೆ ಹೇಳು.”

ಅವನು ನನ್ನ ಮುಖ ನೋಡಿದ, ಬಾಗಿಲು ನೋಡಿದ, ತಪ್ಪಿಸಿಕೊಳ್ಳಲು ದಾರಿ ಕಾಣಲಿಲ್ಲ. “ಉಪ್ಪು,” ಎಂದ.

ಮೆಂಜಿಯಕ್ಕ ಧೊಪ್ಪೆಂದು ಬೆಂಚಿನ ಮೇಲೆ ಕೂತಳು. “ನಿನ್ನಮ್ಮ ಹೇಳಿಕೊಟ್ಟ ಅಳತೆ ಮಾರಾಯ ಅದು! ನಿನಗಿಷ್ಟ ಅಂತ ಮದುವೆಯಾದಾಗಿಂದ ಕಣ್ಮುಚ್ಕೊಂಡು ಸುರೀತಿದೀನಿ. ನನಗೆ ಒಂದು ದಿನಾನೂ ಅದು ಸೇರಿಲ್ಲ!”

ಜಾಖೆನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಅಮ್ಮ ಮಾಡಿದ್ದೂ ನನಗೆ ಸೇರ್ತಿರಲಿಲ್ಲ ಕಣೇ,” ಎಂದ.