ಸೂಜಿ ಕಾಲಿಡದ ಮನೆ

ಊದಜ್ಜನ ಮನೆಯಲ್ಲಿ ಸೂಜಿ ಇರಲಿಲ್ಲ. ಗುಂಡುಪಿನ್ನು, ಮೊಳೆ, ಹೇರ್‌ಪಿನ್ನು ಯಾವುದಕ್ಕೂ ಪ್ರವೇಶವಿರಲಿಲ್ಲ. ಕ್ಯಾಲೆಂಡರನ್ನು ಗೋಡೆಗೆ ಗೋಂದು ಹಚ್ಚಿ ಅಂಟಿಸಿದ್ದರಿಂದ ತಿಂಗಳಿಗೊಮ್ಮೆ ಹಾಳೆಯ ಜೊತೆ ಸುಣ್ಣವೂ ಕಿತ್ತು ಬರುತ್ತಿತ್ತು. ಅಂಗಿಯ ಗುಂಡಿ ಕಿತ್ತುಹೋದರೆ ಹೆಂಡತಿ ಕದ್ದುಮುಚ್ಚಿ ಪಕ್ಕದ ಮನೆಗೆ ಹೋಗಿ ಹೊಲಿದುಕೊಂಡು ಬರಬೇಕಿತ್ತು. ಮಗಳಿಗೆ ಬಂದ ಒಳ್ಳೆಯ ಸಂಬಂಧವೊಂದನ್ನು, ಹುಡುಗ ದರ್ಜಿ ಎಂಬ ಒಂದೇ ಕಾರಣಕ್ಕೆ ಬಾಗಿಲಿಂದಲೇ ವಾಪಸು ಕಳಿಸಿ, ಹಾಲಿನ ವ್ಯಾನು ಓಡಿಸುವವನಿಗೆ ಕೊಟ್ಟಿದ್ದ.

ಇದು ಹುಚ್ಚಲ್ಲ, ಕಸುಬು. ಅಜ್ಜ ಬಲೂನು ಮಾರುವವನು, ಅದೂ ಬಾಯಿಂದಲೇ ಊದಿ. ಪಂಪು ತಗೋ ಎಂದವರಿಗೆಲ್ಲ ಅವನದು ಒಂದೇ ಉತ್ತರ: “ಪಂಪಿನ ಗಾಳಿ ಸೈಕಲ್ಲಿಗೆ. ಮಕ್ಕಳ ಕೈಗೆ ಕೊಡೋದು ಮನುಷ್ಯನ ಉಸಿರು.” ಬೀದಿಯವರು ಊದಜ್ಜ ಎಂದು ಕರೆದು ಕರೆದು ಅವನ ಅಸಲು ಹೆಸರನ್ನೇ ಮರೆತಿದ್ದರು. ಸೂಜಿಯೊಂದನ್ನು ಬಿಟ್ಟರೆ ಅವನಿಗೆ ಈ ಲೋಕದಲ್ಲಿ ಶತ್ರುಗಳಿರಲಿಲ್ಲ.

ಮೊಮ್ಮಗಳಿಗೆ ನಾಲ್ಕು ವರ್ಷ. ಕೆನ್ನೆ ಉಬ್ಬಿಕೊಂಡಿದ್ದರಿಂದ ಎಲ್ಲರ ಬಾಯಲ್ಲೂ ಬುಗ್ಗಿ. ಬೆಳಿಗ್ಗೆ ಬಲೂನಿನ ಗಾಡಿ ಹೊರಡುವ ಮುಂಚೆ ಅಜ್ಜನಿಗೂ ಅವಳಿಗೂ ಒಂದು ಆಟವಿತ್ತು. ಕೆಂಪು ಬಲೂನನ್ನು ಅಜ್ಜ ಅರ್ಧ ಊದುವುದು, ಮಿಕ್ಕರ್ಧ ಬುಗ್ಗಿ ಊದುವುದು. ಆಮೇಲೆ ಅದನ್ನು ಗಾಡಿಯ ಹಿಡಿಗೆ ಕಟ್ಟುವುದು. ಯಾರು ಎಷ್ಟು ಕೇಳಿಕೊಂಡರೂ ಅದು ಮಾರಾಟಕ್ಕಿಲ್ಲ.

ಇಂಥವನ ಕೈಗೆ ಮಗಳು ಕೂಸನ್ನು ಕೊಟ್ಟು, “ಅಪ್ಪಾ, ನಂಗೆ ಕೆಲಸಕ್ಕೆ ಹೊತ್ತಾಯ್ತು, ಲಸಿಕೆ ಹಾಕಿಸ್ಕೊಂಡು ಬಾ” ಎಂದರೆ ಏನಾಗಬೇಕೋ ಅದೇ ಆಯಿತು. ಅಜ್ಜ ಆರೋಗ್ಯ ಕೇಂದ್ರದವರೆಗೂ ಹೋದ. ಅದಕ್ಕೊಂದು ಸುತ್ತು ಹಾಕಿದ. ಮನೆಗೆ ಬಂದು, “ಆಯ್ತಮ್ಮಾ, ಚೂರೂ ಅಳಲಿಲ್ಲ” ಎಂದ. ಅಳಲಿಲ್ಲ ಎಂಬುದು ನಿಜವೇ. ಪ್ರತಿ ಸಲವೂ ಇದೇ ಸುತ್ತು, ಇದೇ ಮಾತು. ಅವನ ಪ್ರಕಾರ ಅದು ಸುಳ್ಳಲ್ಲ, ಕಾಪಾಡುವುದು. ತುಂಬಿದ ವಸ್ತುವಿಗೆ ಸೂಜಿ ತಾಗಿಸಬಾರದು ಎಂದು ಅವನ ಇಡೀ ಜೀವಮಾನ ಹೇಳಿಕೊಟ್ಟಿತ್ತು.

ಒಂದು ದಿನ ಬುಗ್ಗಿಗೆ ಜ್ವರ ಬಂತು. ಗಂಟಲು ನೋವೆಂದಳು, ದನಿ ಕೂತಿತು, ಕುತ್ತಿಗೆ ಬಾತುಕೊಂಡಿತು. ಖುಷಿಪಡಿಸೋಣವೆಂದು ಅಜ್ಜ ಕೆಂಪು ಬಲೂನನ್ನು ಅರ್ಧ ಊದಿ ಕೊಟ್ಟ. ಅವಳು ಹೇಗೋ ಮಿಕ್ಕದ್ದನ್ನು ಊದಿ, ಕೆಮ್ಮಿ, ಅವನ ತೊಡೆಗೇ ಒರಗಿದಳು. ಸಂಜೆಯ ಹೊತ್ತಿಗೆ ಗುಟುಕು ನೀರೂ ಇಳಿಯದಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿದರು. ಗಂಟಲ ಹಿಂಭಾಗದಲ್ಲಿ ಬೂದು ಬಣ್ಣದ ಪೊರೆ ಕಟ್ಟಿತ್ತು.

“ಗಂಟಲುಮಾರಿ, ಡಿಫ್ತೀರಿಯಾ ಇದ್ದ ಹಾಗಿದೆ. ಲಸಿಕೆ ಹಾಕ್ಸಿದೀರಾ?”

“ಎಲ್ಲಾ ಹಾಕ್ಸಿದೀವಿ. ಅಪ್ಪನೇ ಕರ್ಕೊಂಡು ಹೋಗಿದ್ದು,” ಎಂದಳು ಮಗಳು.

ಅಜ್ಜ ನೆಲ ನೋಡಿದ. “ಇಲ್ಲ. ಒಂದೂ ಹಾಕ್ಸಿಲ್ಲ.”

ಮಗಳು ಬುಗ್ಗಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ರೋಗಾಣು ಗಂಟಲಲ್ಲಿ ಕೂತು ವಿಷ ಬಿಡುತ್ತೆ,” ಎಂದರು ಡಾಕ್ಟರಮ್ಮ. “ಪೊರೆ ಉಸಿರು ಕಟ್ಸುತ್ತೆ, ವಿಷ ಹೃದಯಕ್ಕೆ ಹೋಗುತ್ತೆ. ವಿಷ ಮುರಿಯೋ ಮದ್ದು ಈಗ್ಲೇ ಕೊಡ್ತೀವಿ. ಉಳೀತಾಳೆ ಅಂತ ಇವತ್ತೇ ಮಾತು ಕೊಡೋಕಾಗಲ್ಲ.”

ಮನೆಯವರೆಲ್ಲರ ಗಂಟಲಿಗೆ ಹತ್ತಿಕಡ್ಡಿ ಆಡಿಸಿ ಪರೀಕ್ಷೆಗೆ ಕಳಿಸಿದರು. ರೋಗಾಣು ಸಿಕ್ಕಿದ್ದು ಅಜ್ಜನ ಗಂಟಲಲ್ಲಿ.

“ನಂಗೆ ಒಂದು ಸೀನೂ ಇಲ್ವಲ್ಲ ತಾಯಿ!”

“ಕೆಲವರ ಗಂಟಲಲ್ಲಿ ಅದು ಸುಮ್ನೆ ಕೂತಿರುತ್ತೆ. ಕೆಮ್ಮು, ಸೀನು, ಎಂಜಲಿಂದ ಇನ್ನೊಬ್ರಿಗೆ ದಾಟುತ್ತೆ.”

ಅಜ್ಜನಿಗೆ ಕೆಂಪು ಬಲೂನು ನೆನಪಾಯಿತು. ಅವನಿಗೆ ಮಾತ್ರೆ ಕೊಟ್ಟು, ಗಂಟಲು ಶುದ್ಧವಾಗುವ ತನಕ ವಾರ್ಡಿನ ಕಡೆ ಸುಳಿಯಬೇಡ ಎಂದರು.

ಆಮೇಲೆ ಸರ್ಕಾರ ಎಚ್ಚೆತ್ತಿತು. ಸರ್ಕಾರ ಎಚ್ಚೆತ್ತರೆ ಗೊತ್ತಲ್ಲ. ಊದಜ್ಜ ಊದಿದ ಬಲೂನುಗಳನ್ನೆಲ್ಲ ಜಪ್ತಿ ಮಾಡಬೇಕೆಂದು ಆರೋಗ್ಯಾಧಿಕಾರಿ ಹೊರಟರು. ಸಿಬ್ಬಂದಿ ಗೋಣಿಚೀಲ ಹಿಡಿದು ಮನೆಮನೆ ನುಗ್ಗಿ, ಮಂಚದ ಕೆಳಗಿದ್ದವನ್ನೂ ಬಿಡದೆ ಎಳೆದು ತಂದರು. ಮುದುಕಿಯೊಬ್ಬಳು ತನ್ನದನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು, ಅದು ತನ್ನ ಹೊಟ್ಟೆ ಎಂದು ಕೊನೆಯವರೆಗೂ ವಾದಿಸಿದಳು. ಗಾಡಿಯ ಹಿಡಿಯಲ್ಲಿದ್ದ ಕೆಂಪು ಬಲೂನೂ ಹೋಯಿತು. ಎಲ್ಲವನ್ನೂ ಆರೋಗ್ಯ ಕೇಂದ್ರದ ಚುಚ್ಚುಮದ್ದಿನ ಕೋಣೆಗೆ ತುಂಬಿ ಬಾಗಿಲು ಒತ್ತಿದರು.

ಮಾರನೆಯ ದಿನ ಬೀದಿಗೆಲ್ಲ ಲಸಿಕೆ. ಉದ್ದ ಸಾಲು ನಿಂತಿತು. ನರ್ಸಮ್ಮ ಟ್ರೇ ಹಿಡಿದು ಬಂದರೆ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ.

“ಸೂಜಿ ಒಳಗೆ ತರ್ಬೇಡಿ!” ಎಂದು ಅಧಿಕಾರಿ ಕೂಗಿದರು. “ಒಂದು ಒಡೆದ್ರೂ ಊರಿಗೆಲ್ಲ ಹರಡುತ್ತೆ!”

“ಸಾರ್, ಒಳಗಿನ ಗಾಳಿಗಲ್ಲ ಹೆದರಬೇಕಾದ್ದು. ಹತ್ತಿರ ನಿಂತು ಕೆಮ್ಮಿದ್ರೆ, ಎಂಜಲು ತಾಗಿದ್ರೆ ಹರಡೋದು.”

“ಒಡೆಯೋದಕ್ಕೆ ಮೇಲಿಂದ ಆದೇಶ ಬರ್ಲಿ.”

“ಅಲ್ಲೀತನಕ ಅಂಗಳದಲ್ಲೇ ಹಾಕಲಾ?”

“ಚುಚ್ಚುಮದ್ದು ಚುಚ್ಚುಮದ್ದಿನ ಕೋಣೆಲೇ ಆಗ್ಬೇಕು. ನಿಯಮ ಅಂದ್ರೆ ನಿಯಮ.”

ಊದಜ್ಜ ಮೂಗುಬಾಯಿ ಮುಚ್ಚಿಕೊಂಡು ಎಲ್ಲರಿಂದ ದೂರ ನಿಂತು ನೋಡುತ್ತಿದ್ದ. ಸಾಲು ಕರಗತೊಡಗಿತು. ತಾಯಂದಿರು ಗೊಣಗುತ್ತ ಮಕ್ಕಳನ್ನು ಎತ್ತಿಕೊಂಡು ಹೊರಟರು. ತಾನು ಬುಗ್ಗಿಗೆ ಮಾಡಿದ್ದನ್ನೇ ಸರ್ಕಾರ ಇಡೀ ಬೀದಿಗೆ ಮಾಡುತ್ತಿದೆ ಎಂದು ಅವನಿಗೆ ಹೊಳೆಯಿತು. ಕೇಂದ್ರಕ್ಕೊಂದು ಸುತ್ತು ಹಾಕಿಸಿ ಮನೆಗೆ ಕಳಿಸುವುದು.

“ನರ್ಸಮ್ಮಾ,” ಎಂದ, “ಒಂದು ಸೂಜಿ ಕೊಡಿ.”

ಒಳಹೊಕ್ಕು ಬಾಗಿಲು ಹಾಕಿಕೊಂಡ. ಢಬ್ಬೆಂದಿತು. ಮತ್ತೆ ಢಬ್. ಅಧಿಕಾರಿ ಮೇಜಿನ ಕೆಳಗೆ ಸೇರಿದರು. ತನ್ನ ಉಸಿರನ್ನೆಲ್ಲ ತಾನೇ ಒಡೆಯುತ್ತ ಹೋದ ಅಜ್ಜನ ಕೈಗೆ ಕೊನೆಗೆ ಕೆಂಪು ಬಲೂನು ಬಂತು. ಅದರಲ್ಲಿ ಅರ್ಧ ಬುಗ್ಗಿಯದು. ಅಲ್ಲಿ ಅವಳಿಗೆ ಉಸಿರೆಳೆಯಲು ಆಗುತ್ತಿಲ್ಲ, ಇಲ್ಲಿ ಅವಳ ಉಸಿರು ಬಿಗಿಯಾಗಿ ಕೂತಿದೆ. ಇದನ್ನು ಒಡೆದರೆ ಅಲ್ಲಿಯದೂ ಹೋದೀತೆಂದು ಅವನು ಸೂಜಿಯನ್ನು ಹಿಂದಕ್ಕೆಳೆದುಕೊಂಡ.

“ಅದು ಬರೀ ಗಾಳಿ ಅಜ್ಜಾ,” ಎಂದರು ನರ್ಸಮ್ಮ ಬಾಗಿಲಾಚೆಯಿಂದ.

“ಗೊತ್ತಮ್ಮಾ,” ಎಂದ. ಗೊತ್ತಿರಲಿಲ್ಲ. ಅಂಗಳದಲ್ಲಿ ಯಾವುದೋ ಮಗು ಕೆಮ್ಮಿತು. ಅಜ್ಜ ಬಿಕ್ಕಿ ಅಳುತ್ತಲೇ ಚುಚ್ಚಿದ.

ಕಿಟಕಿ ತೆರೆದು, ಔಷಧಿ ನೀರಿನಿಂದ ನೆಲ ಒರೆಸಿದ ಮೇಲೆ ಸಾಲು ಮತ್ತೆ ಬೆಳೆಯಿತು. ಎಲ್ಲರೂ ಮುಗಿದ ಮೇಲೆ ಅಜ್ಜ ತೋಳು ಚಾಚಿ, ಕಣ್ಣು ಮುಚ್ಚಿ, ಢಬ್ಬೆನ್ನುವ ಸದ್ದಿಗಾಗಿ ಕಾದ. ಸದ್ದು ಬರಲಿಲ್ಲ.

ಮತ್ತೆ ಮತ್ತೆ ಪರೀಕ್ಷೆ ಮಾಡಿ, ಗಂಟಲು ಶುದ್ಧವಾಗಿದೆ ಎಂದ ಮೇಲೆ ಅವನನ್ನು ವಾರ್ಡಿಗೆ ಬಿಟ್ಟರು. ಕಂಕುಳಲ್ಲಿ ಹೊಸ ಪಂಪು. ಬುಗ್ಗಿಯ ಕೆನ್ನೆ ಇಳಿದುಹೋಗಿತ್ತು, ಆದರೆ ಕೂತಿದ್ದಳು.

“ನಮ್ಮ ಕೆಂಪುದು ಎಲ್ಲಿ ಅಜ್ಜಾ?”

“ಒಡೆದುಬಿಟ್ಟೆ ಕಂದಾ. ನಾನೇ. ಸೂಜಿಯಿಂದ.”

ಅವಳು ಚುಕ್ಕೆ ಚುಕ್ಕೆಯಾಗಿದ್ದ ತನ್ನ ತೋಳನ್ನು ಮುಂದೆ ಚಾಚಿದಳು.

“ನಂಗೂ ಎಷ್ಟೊಂದು ಚುಚ್ಚಿದ್ರು ಗೊತ್ತಾ?” ಎಂದಳು, ಇನ್ನೂ ಪೂರ್ತಿ ಮರಳದ ದನಿಯಲ್ಲಿ. “ನಾನು ಒಡೀಲೇ ಇಲ್ಲ ಅಜ್ಜಾ.”