ಕೋಡಿಯ ಹತ್ತಿರ ತಿರುಗಿದ ದಾರಿ

ನನ್ನ ತಂಗಿ ಏಳನೆಯ ತರಗತಿ ಪಾಸಾದಾಗ ಅಪ್ಪ ಒಂದು ಷರತ್ತು ಹಾಕಿದರು. ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದು ಸೇರುವ ಹಾಗಿದ್ದರೆ ಹೈಸ್ಕೂಲಿಗೆ ಹೋಗಲಿ, ಇಲ್ಲದಿದ್ದರೆ ಬೇಡ. ಹೈಸ್ಕೂಲು ಇದ್ದದ್ದು ಕುಂದಾಣದ ಕಡೆ. ಬಂಡಿದಾರಿಯಲ್ಲಿ ಸುತ್ತಿಕೊಂಡು ಹೋದರೆ ಐದು ಮೈಲಿ. ಹೊಲಗಳ ನಡುವೆ ನೇರವಾಗಿ ಹೋದರೆ ಎರಡು ಮೈಲಿಯ ಮೇಲೆ ಸ್ವಲ್ಪ. ಆದರೆ ನೇರವಾಗಿ ಹೋಗಲು ದಾರಿಯೇ ಇರಲಿಲ್ಲ.

ಇಲ್ಲ ಎಂದರೆ ಪೂರ್ತಿ ಇಲ್ಲವೆಂದಲ್ಲ. ಪ್ರತಿ ಊರಿಗೂ ತನ್ನ ಕೆರೆಗೆ, ತನ್ನ ಹೊಲಕ್ಕೆ, ತನ್ನ ಸುಡುಗಾಡಿಗೆ ಕಾಲುದಾರಿಗಳಿದ್ದವು. ಅವು ಊರಿನ ಎಲ್ಲೆಯ ತನಕ ಬಂದು ನಿಂತುಬಿಡುತ್ತಿದ್ದವು. ಆಚೆ ಊರಿನ ದಾರಿಯೂ ಹಾಗೆಯೇ ಅದರ ಎಲ್ಲೆಗೆ ಬಂದು ನಿಲ್ಲುತ್ತಿತ್ತು. ನಡುವೆ ಕಳ್ಳಿಬೇಲಿ, ಲಾಂಟಾನ ಪೊದೆ, ಇಲ್ಲವೇ ಮಳೆನೀರು ಕೊರೆದ ಕೊರಕಲು. ಐದು ಊರುಗಳ ನಡುವೆ ಇಂಥ ಕಡಿತಗಳು ಏಳು ಇದ್ದವು. ನಾನು ಎಣಿಸಿದ್ದೇನೆ.

ಎಣಿಸುವುದು ನನ್ನ ಅಭ್ಯಾಸ. ಆಗ ನನಗೆ ಇಪ್ಪತ್ತೊಂದು ವರ್ಷ, ನಮ್ಮೂರಿನ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ. ಬಲ ಸೊಂಟದ ಚೀಲದಲ್ಲಿ ಹುಣಸೆ ಬೀಜ ತುಂಬಿಕೊಂಡು ನಡೆಯುತ್ತಿದ್ದೆ. ನೂರು ಹೆಜ್ಜೆಗೊಂದು ಬೀಜವನ್ನು ಎಡಗಡೆಯ ಚೀಲಕ್ಕೆ ಹಾಕುವುದು, ಮನೆಗೆ ಬಂದು ಬೀಜ ಎಣಿಸಿ ಡೈರಿಯಲ್ಲಿ ಬರೆಯುವುದು. ಈಗ ಇದನ್ನು ಬರೆಯುವಾಗಲೂ ಎಪ್ಪತ್ತನೆಯ ಇಸವಿಯ ಆ ಡೈರಿ ಪಕ್ಕದಲ್ಲೇ ಇದೆ. ತಾರೀಖುಗಳು ಅದರವು, ನನ್ನ ನೆನಪಿನವಲ್ಲ.

ಆ ವರ್ಷದ ಶುರುವಿನಲ್ಲಿ ಐದೂರಿನವರು ಸೇರಿ ಕಾಲುದಾರಿ ಸಂಘ ಮಾಡಿದ್ದರು. ಊರಿಗಿಬ್ಬರಂತೆ ಹತ್ತು ಮಂದಿ. ಸಂಬಳವಿಲ್ಲ, ಭತ್ಯವಿಲ್ಲ, ತಿಂಗಳ ಮೊದಲನೆಯ ಭಾನುವಾರ ನಮ್ಮ ಶಾಲೆಯ ಜಗಲಿಯಲ್ಲಿ ಸಭೆ. ನಡವಳಿ ಬರೆಯಲು ಅಕ್ಷರ ಚೆನ್ನಾಗಿರುವವರು ಬೇಕೆಂದು ನನ್ನನ್ನು ಸೇರಿಸಿಕೊಂಡರು. ಹತ್ತರಲ್ಲಿ ಒಬ್ಬಳೇ ಹೆಂಗಸು. ಅಧ್ಯಕ್ಷರು ಅರವತ್ತು ದಾಟಿದ ರೈತರು, ನಾಲ್ಕು ಹೆಣ್ಣುಮಕ್ಕಳ ತಂದೆ, ಮೆತ್ತನೆಯ ಮಾತಿನವರು. ನಾನು ಹೆಜ್ಜೆಯ ಲೆಕ್ಕ ಓದಿದಾಗಲೆಲ್ಲ ಅವರು ನಗುತ್ತಿದ್ದರು. “ಈ ಟೀಚರಮ್ಮನ್ನ ಹೀಗೇ ಬಿಟ್ರೆ ಆ ದೂರದ ನಲ್ಲೂರು ಹುಣಸೆತೋಪಿನ ತಂಕ ದಾರಿ ಎಳೆದ್ಬಿಡ್ತಾಳೆ” ಎನ್ನುತ್ತಿದ್ದರು.

ಏಳರಲ್ಲಿ ಆರು ಕಡಿತಗಳನ್ನು ಸೇರಿಸುವುದು ಬರೀ ಮೈ ಬಗ್ಗಿಸುವ ಕೆಲಸವಾಗಿತ್ತು. ಏಳನೆಯದು ಕೆರೆ ಕೋಡಿಯ ಹತ್ತಿರ, ನೀರು ಹೆಚ್ಚಾದಾಗ ಹೊರಗೆ ಹರಿಯುವ ಜಾಗದ ಪಕ್ಕ. ಅಲ್ಲಿ ದಾರಿ ಒಬ್ಬರ ಹೊಲದ ಬದುವಿನ ಮೇಲೆ ಹೋಗಬೇಕಿತ್ತು. ಆ ಹೊಲದವರು ಸಂಘದ ಸದಸ್ಯರೇ. ಆದರೂ ಮೂರು ಸಭೆ ಬೇಡ ಎಂದರು, ನಾಲ್ಕನೆಯದರಲ್ಲಿ ಹೂಂ ಎಂದರು. ಅವರ ತಾಯಿ ಬೈದರಂತೆ ಎಂದು ಆಮೇಲೆ ತಿಳಿಯಿತು. ಮೇ ತಿಂಗಳ ಕೊನೆಗೆ ಕೆಲಸ ಮುಗಿಯಿತು. ಜೂನ್ ಎಂಟು, ಸೋಮವಾರ, ತಂಗಿ ಹೊಸ ದಾರಿಯಲ್ಲಿ ಹೈಸ್ಕೂಲಿಗೆ ಹೋದಳು. ನಮ್ಮೂರಿನಿಂದ ಮತ್ತು ಪಕ್ಕದೂರಿನಿಂದ ಒಟ್ಟು ಹತ್ತೊಂಬತ್ತು ಮಕ್ಕಳು, ಅದರಲ್ಲಿ ಹುಡುಗಿಯರು ಆರು. ಹಿಂದಿನ ವರ್ಷ ಹುಡುಗಿಯರ ಸಂಖ್ಯೆ ಸೊನ್ನೆ.

ಮಳೆ ಬಿದ್ದ ಮೇಲೆ ಒಂದು ತೊಂದರೆ ಕಂಡಿತು. ಹಸಿರು ಏಳುತ್ತಿದ್ದಂತೆ ಬದುಗಳೆಲ್ಲ ಒಂದೇ ಥರ ಕಾಣತೊಡಗಿದವು. ಮಕ್ಕಳು ತಪ್ಪು ಬದು ಹಿಡಿದು ಯಾರದೋ ಪೈರು ತುಳಿದು ಬೈಸಿಕೊಂಡು ಬಂದರು. ಗುರುತು ಹಾಕೋಣ ಎಂದು ಸಭೆಯಲ್ಲಿ ಹೇಳಿದವಳು ನಾನು. ಶಾಲೆಗೆ ಬಳಿದು ಉಳಿದ ಸುಣ್ಣವಿತ್ತು, ಕೆಮ್ಮಣ್ಣು ಎಲ್ಲೆಂದರಲ್ಲಿ ಇತ್ತು. ಸುಣ್ಣ ಮಾತ್ರ ಬಳಿದರೆ ಬಿಳಿ ಕಲ್ಲಿನ ಮೇಲೆ ಎದ್ದು ಕಾಣುವುದಿಲ್ಲ ಎಂದು ಒಂದು ಪಟ್ಟೆ ಬಿಳಿ, ಒಂದು ಪಟ್ಟೆ ಕೆಂಪು ಎಂದು ನಾನೇ ತೀರ್ಮಾನಿಸಿದೆ. ಜೂನ್ ಇಪ್ಪತ್ತೆಂಟು, ಭಾನುವಾರ. ನಲವತ್ತೊಂದು ಕಲ್ಲುಗಳಿಗೆ ಪಟ್ಟೆ ಬಳಿದೆವು. ಕೋಡಿಯ ಹತ್ತಿರ ಹೊಂಗೆ ಮರದ ಕೆಳಗೆ ಒಂದು ಕಲ್ಲು ಸೊಂಟದೆತ್ತರ ನೆಟ್ಟಗೆ ನಿಂತಿತ್ತು. ದೂರಕ್ಕೆ ಕಾಣಲಿ ಎಂದು ಅದಕ್ಕೆ ಎರಡು ಸಲ ಬಳಿದೆ.

ನಮ್ಮ ಕಡೆ ಕೆಂಪು ಬಿಳಿ ಪಟ್ಟೆ ಯಾವುದರ ಮೇಲಿರುತ್ತದೆ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಗುಡಿಯ ಗೋಡೆಯ ಮೇಲೆ. ಹತ್ತು ಮಂದಿ ಸದಸ್ಯರಲ್ಲಿ ಒಬ್ಬರಿಗೂ, ದಿನವೂ ಗುಡಿಯ ಮುಂದೆ ಹಾದು ಹೋಗುವ ನನಗೂ, ಅಂದು ಅದು ಹೊಳೆಯಲಿಲ್ಲ.

ಜುಲೈ ಮಧ್ಯದಲ್ಲಿ ಆ ಎತ್ತರದ ಕಲ್ಲಿಗೆ ಅರಿಶಿನ ಬಿತ್ತು. ಮುಂದಿನ ಮಂಗಳವಾರ ಕುಂಕುಮ, ಹೂವು. ಶ್ರಾವಣ ಬರುವ ಹೊತ್ತಿಗೆ ಬುಡಕ್ಕೆ ಮೂರು ಚಪ್ಪಡಿ ಕೂಡಿ, ದೀಪ ಇಡಲು ಗೂಡಾಗಿತ್ತು. ದಾರಿ ಅಮ್ಮ ಎಂದು ಕರೆಯತೊಡಗಿದರು. ನನಗೆ ಬೇಜಾರಾಗಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆ. ಮಕ್ಕಳು ಅಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದರು. ಅದನ್ನೂ ಡೈರಿಯಲ್ಲಿ ಬರೆದಿದ್ದೇನೆ, ತಮಾಷೆಯಾಗಿ.

ಆಗಸ್ಟ್ ಹತ್ತರ ಸೋಮವಾರ ತಂಗಿ ಶಾಲೆಗೆ ಹೋಗಲಿಲ್ಲ. ಮನೆಯ ಮೂಲೆಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ. ಮುಟ್ಟಾದ ಮೂರು ದಿನ ನಮ್ಮ ಮನೆಯಲ್ಲಿ ಅದು ಇದ್ದದ್ದೇ. ಆದರೆ ಶಾಲೆಯ ವಿಷಯದಲ್ಲಿ ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನನ್ನನ್ನೂ ಹಾಗೆಯೇ ಓದಿಸಿದ್ದಳು. ಶಾಲೆಯಲ್ಲಿ ಯಾರಿಗೆ ಗೊತ್ತಾಗುತ್ತೆ ಎನ್ನುವುದು ಅವಳ ಮಾತು. ಈಗ ಯಾಕೆ ಎಂದು ಕೇಳಿದೆ.

“ಶಾಲೆಗಲ್ಲ ಕಣೆ. ಹಾಗಿದ್ಕೊಂಡು ದಾರಿ ಅಮ್ಮನ ಎದುರಿಗೆ ಹಾದು ಹೋಗೋದಾ? ನೀನೇ ಹೇಳು.”

ಆ ಅಮ್ಮನನ್ನು ಅಲ್ಲಿ ನಿಲ್ಲಿಸಿದ್ದು ನನ್ನ ಕುಂಚ.

ಉಳಿದ ಐದು ಹುಡುಗಿಯರ ಮನೆಗೂ ಹೋಗಿ ಬಂದೆ. ನಾಲ್ಕು ಮನೆಗಳಲ್ಲಿ ಅದೇ ಮಾತು, ಐದನೆಯ ಹುಡುಗಿ ಇನ್ನೂ ಚಿಕ್ಕವಳು. ಡೈರಿಯ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಅವರ ಗೈರುಹಾಜರಿ ಬರೆಯತೊಡಗಿದೆ. ಸೆಪ್ಟೆಂಬರಿನಲ್ಲಿ ತಂಗಿ ಮತ್ತೆ ಮೂರು ದಿನ ತಪ್ಪಿಸಿಕೊಂಡಳು. ಜ್ವರ, ಮಳೆ, ಹಬ್ಬ ಇವು ಬೇರೆ. ಹೀಗೇ ಆದರೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸಲು ಆಗುವುದಿಲ್ಲವೆಂದು ಹೈಸ್ಕೂಲಿನಿಂದ ಚೀಟಿ ಬಂತು. ಅಪ್ಪ ಚೀಟಿ ಓದಿ ಮಡಚಿಟ್ಟರು. ಪರೀಕ್ಷೆಗೇ ಕೂರದ ಮೇಲೆ ದಸರಾ ಆದಮೇಲೆ ಹೋಗುವುದೇ ಬೇಡ ಎಂದರು. ತಂಗಿ ಊಟ ಬಿಟ್ಟು ಎದ್ದು ಹೋದಳು.

ಅಕ್ಟೋಬರ್ ನಾಲ್ಕು, ಭಾನುವಾರದ ಸಭೆ. ಹುಡುಗಿಯರು ಯಾಕೆ ಶಾಲೆ ತಪ್ಪಿಸುತ್ತಿದ್ದಾರೆ, ದಾರಿ ಕೆಟ್ಟಿದೆಯೇ ಎಂದು ಅಧ್ಯಕ್ಷರು ಕೇಳಿದರು. ದಾರಿ ಚೆನ್ನಾಗಿದೆ ಎಂದೆ. ಹಾಗಾದರೆ ಕಾರಣ ಹೇಳಿ ಎಂದರು. ಒಂಬತ್ತು ಗಂಡಸರು ನನ್ನ ಕಡೆ ನೋಡುತ್ತಿದ್ದರು. ಆ ಪದವನ್ನು ನಾನು ಅಪ್ಪನ ಎದುರಿಗೂ ಆಡಿದವಳಲ್ಲ. ಡೈರಿಯ ಹಿಂದಿನ ಹಾಳೆ ತೆರೆದು ಅವರ ಮುಂದೆ ತಳ್ಳಿದೆ.

ಅವರು ಕನ್ನಡಕ ಹಾಕಿಕೊಂಡರು. ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಆಗಸ್ಟ್ ಹತ್ತು, ಹನ್ನೊಂದು, ಹನ್ನೆರಡು. ಸೆಪ್ಟೆಂಬರ್ ಏಳು, ಎಂಟು, ಒಂಬತ್ತು. ಎರಡನೆಯ ಸಾಲು, ಮೂರನೆಯ ಸಾಲು. ನಾಲ್ಕನೆಯದಕ್ಕೆ ಬೆರಳು ನಿಂತಿತು. ಒಮ್ಮೆ ಕೆಮ್ಮಿದರು. ಪುಸ್ತಕ ಮುಚ್ಚಿ, ತಲೆಕೆಳಗಾಗದ ಹಾಗೆ ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸು ಕೊಟ್ಟರು.

“ತಪ್ಪು ನಮ್ದೇ ಕಣ್ರಪ್ಪ, ಹುಡುಗೀರದ್ದಲ್ಲ” ಎಂದರು. “ಕೋಡಿ ಹತ್ರ ದಾರಿ ಸರಿಯಾಗಿಲ್ಲ. ಏನು ಮಾಡೋಣ ಹೇಳಿ.”

ಕಲ್ಲನ್ನು ಬೇರೆ ಕಡೆ ಇಡಬಹುದೆಂದು ಒಬ್ಬರು ಮೆಲ್ಲಗೆ ಹೇಳಿದರು. ಕಿತ್ತಿಡುವವರು ಯಾರು ಎಂದು ಮತ್ತೊಬ್ಬರು ಕೇಳಿದರು. ಉಳಿದದ್ದು ಒಂದೇ, ಕಲ್ಲು ಕಾಣದ ಹಾಗೆ ಹೊಲದ ಬೇಲಿಯಾಚೆಗೆ ಒಂದು ಸುತ್ತುದಾರಿ. ಅದಕ್ಕೂ ಅದೇ ಹೊಲ ಬೇಕು. ಹೊಲದವರು ಎದ್ದು ನಿಂತರು. “ಬದು ಕೊಟ್ಟೆ. ಈಗ ನಿಂತಿರೋ ರಾಗಿ ಮೇಲೆ ದಾರಿ ಕೇಳ್ತೀರಾ? ಆಗಲ್ಲ” ಎಂದು ಹೇಳಿ ಹೊರಟುಹೋದರು.

ಮರುದಿನ ನಾನು ಅವರ ತಾಯಿಯನ್ನು ನೋಡಲು ಹೋದೆ. ಕಲ್ಲಿಗೆ ಮೊದಲು ಅರಿಶಿನ ಹಚ್ಚಿದವರು ಆ ಅಜ್ಜಿಯೇ. ಬೈಸಿಕೊಳ್ಳಲು ಸಿದ್ಧಳಾಗಿ ಹೋಗಿದ್ದೆ. ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದರು. ಹೆಂಗಸರಿಬ್ಬರೇ ಇದ್ದದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರ ಕೈ ನಿಂತಿತು.

“ನಾನ್ಯಾಕೆ ಅರಿಶಿನ ಹಚ್ಚಿದ್ದು ಗೊತ್ತಾ? ಕೋಡಿ ಹತ್ರ ಯಾರೂ ಇರಲ್ಲ, ಮಕ್ಳು ಒಂಟೊಂಟಿ ಹೋಗ್ತಾವೆ. ಅಮ್ಮ ಇದ್ರೆ ನೋಡ್ಕೋತಾಳೆ ಅಂತ. ಅವ್ಳನ್ನ ಕೂರ್ಸಿ ಹುಡುಗೀರ್ನೇ ಅಟ್ಟಿಬಿಟ್ನಾ ನಾನು?”

ಹಾಗಿದ್ದರೆ ಹುಡುಗಿಯರು ಹಾದು ಹೋದರೂ ತಪ್ಪಿಲ್ಲವೆಂದು ಅವರು ನಾಲ್ಕು ಜನರ ಎದುರು ಹೇಳುತ್ತಾರೆಯೇ ಎಂದು ಕೇಳಿದೆ. ಆಗುವುದಿಲ್ಲವೆಂದು ತಲೆಯಾಡಿಸಿದರು. ಅಷ್ಟು ದೊಡ್ಡ ಮಾತು ತನ್ನ ಬಾಯಲ್ಲಿ ಬರುವುದಿಲ್ಲ, ಆದರೆ ಮಗನ ಹತ್ತಿರ ಮಾತಾಡುವುದು ತನಗೆ ಬಿಟ್ಟದ್ದು ಎಂದರು. ಸೆರಗಿಗೆ ಒಂದು ಬೊಗಸೆ ಅವರೆಕಾಳು ಸುರಿದು ಕಳಿಸಿದರು.

ಎರಡು ದಿನದ ಮೇಲೆ ಹೊಲದವರು ತಾವೇ ಶಾಲೆಗೆ ಬಂದು ಬೇಲಿ ಪಕ್ಕ ಎರಡಡಿ ಅಗಲ ಕೊಡುವುದಾಗಿ ಹೇಳಿದರು. ಓಡಿಹೋಗಿ ತಂಗಿಗೆ ತಿಳಿಸಿದೆ. ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

“ನಾನು ಹೋಗಲ್ಲ” ಎಂದಳು.

ಯಾಕೆ ಎಂದೆ.

“ನಿಂಗೆ ಎಣಿಸೋದು ಬಿಟ್ರೆ ಏನೂ ಗೊತ್ತಾಗಲ್ಲ ಕಣಕ್ಕ. ಎಲ್ರೂ ಬದು ಮೇಲೆ ಹೋಗ್ವಾಗ ನಾನೊಬ್ಳೇ ಬೇಲಿ ಕಡೆ ತಿರುಗಿದ್ರೆ, ಹಿಂದೆ ಬರೋ ಹುಡುಗ್ರಿಗೆ ಗೊತ್ತಾಗಲ್ವಾ? ತಮಟೆ ಹೊಡೆದು ಹೇಳಿದ ಹಾಗೆ.”

ನಾನು ಹೊರಡಲು ತಿರುಗಿದೆ. ಆಗ ಅವಳೇ ಹೇಳಿದಳು, “ಎಲ್ರೂ ದಿನಾ ಅದ್ರಲ್ಲೇ ಹೋಗೋದಾದ್ರೆ ಹೋಗ್ತೀನಿ.”

ಆ ಮಾತನ್ನು ನಾನು ಹಾಗೆಯೇ ಅಧ್ಯಕ್ಷರ ಹತ್ತಿರ ಒಯ್ದೆ, ಯಾರದು ಎಂದು ಹೇಳದೆ. ಅವರು ಸಭೆಗೆ ಕಾಯಲಿಲ್ಲ. ಸಿಕ್ಕ ಸದಸ್ಯರನ್ನು ಕೋಡಿಯ ಹತ್ತಿರ ಸೇರಿಸಿ, ಬದುವಿನ ಮೇಲಿನ ದಾರಿಯನ್ನು ಮುಚ್ಚುವುದಾಗಿ ಹೇಳಿದರು. ಆ ದಾರಿ ಮಾಡಲು ಎಂಟು ಭಾನುವಾರ ಹಿಡಿದಿತ್ತು. ಮಣ್ಣು ಹೊತ್ತವರಿಗೆ ಸಿಟ್ಟು ಬಂತು. ಎರಡೂ ಇರಲಿ, ಬೇಕಾದವರು ಬೇಕಾದ್ದರಲ್ಲಿ ಹೋಗಲಿ ಎಂದರು.

“ಎರಡು ಬೇಡ” ಎಂದರು ಅಧ್ಯಕ್ಷರು. “ನಾನೂ ಅದ್ರಲ್ಲೇ ಹೋಗ್ತೀನಿ, ನಿಮ್ಮ ಎತ್ತೂ ಅದ್ರಲ್ಲೇ ಹೋಗ್ಲಿ. ಅಮ್ಮನ ಹತ್ರ ಪೂಜೆಗೆ ಹೋಗೋರು ಮಾತ್ರ ಈ ಕಡೆ ಬರ್ಲಿ.”

ಹೊಲದವರು ಒಂದು ಷರತ್ತು ಹಾಕಿದರು. ತಮ್ಮ ಬೇಲಿ ಪಕ್ಕದ ಒಂದೇ ಒಂದು ಕಲ್ಲಿಗೂ ಟೀಚರಮ್ಮ ಬಣ್ಣ ಬಳಿಯಕೂಡದು. “ಇನ್ನೊಂದು ದೇವ್ರು ಹುಟ್ಟಿದ್ರೆ ನನಗೆ ಉಳೋಕೆ ಜಾಗ ಇರಲ್ಲ ಅಧ್ಯಕ್ಷರೇ” ಎಂದು ಅಧ್ಯಕ್ಷರಿಗೆ ಕೈಮುಗಿದರು. ಮಣ್ಣು ಹೊತ್ತವರೂ ನಕ್ಕರು. ಹಸಿ ರಾಗಿ ಕೊಯ್ದು ಎತ್ತುಗಳ ಮುಂದೆ ಹಾಕಿ, ಲಾಂಟಾನ ಕಡಿದು, ಹಳೆಯ ದಾರಿಯ ಎರಡೂ ತುದಿಗೆ ಜಾಲಿಮುಳ್ಳು ಹೊದಿಸಿದೆವು. ಹೊಸ ತಿರುವು ನೂರಹನ್ನೆರಡು ಹೆಜ್ಜೆ. ಮೊದಲಿಗಿಂತ ಮೂವತ್ತು ಹೆಜ್ಜೆ ಹೆಚ್ಚು.

ಈ ಕೆಲಸದಿಂದ ಯಾರ ಮನಸ್ಸೂ ಬದಲಾಗಲಿಲ್ಲ. ಅಮ್ಮ ಆಮೇಲೂ ಬೇರೆ ಚಾಪೆ ಹಾಸುತ್ತಿದ್ದಳು. ಅದು ನನಗೆ ಗೊತ್ತಿತ್ತು. ಅಂದಿಗೆ ನನಗೆ ಬೇಕಾಗಿದ್ದದ್ದು ಪರೀಕ್ಷೆಗೆ ಸಾಲುವಷ್ಟು ಹಾಜರಿ. ಸರಿಯಾದ ದಾರಿ ಬಂತೆಂದು ಅಪ್ಪ ಒಪ್ಪಿದರು.

ದಸರಾ ರಜ ಮುಗಿದು ಅಕ್ಟೋಬರ್ ಹತ್ತೊಂಬತ್ತರ ಸೋಮವಾರ ಬೆಳಿಗ್ಗೆ ನಾನು ಕೋಡಿಯ ಏರಿಯ ಮೇಲೆ ನಿಂತಿದ್ದೆ. ಕಾವಳದ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಮುಂದೆ ಅಧ್ಯಕ್ಷರು ಕೊಡೆ ಊರಿಕೊಂಡು, ಆ ಕಡೆ ಏನೂ ಕೆಲಸವಿಲ್ಲದಿದ್ದರೂ, ತಿರುವು ದಾಟಿದರು. ಅವರ ಹಿಂದೆ ಮಕ್ಕಳು ಒಬ್ಬರ ಹಿಂದೊಬ್ಬರು, ಒದ್ದೆ ರಾಗಿ ತೆನೆ ಒಂದು ಕಡೆಯಿಂದ ಲಂಗಕ್ಕೂ ಚಡ್ಡಿಗೂ ತಾಗುತ್ತ. ಒಬ್ಬ ಹುಡುಗ ಜಾರಿ ಬಿದ್ದ, ಹುಡುಗಿಯರು ನಕ್ಕರು. ತಂಗಿ ಸಾಲಿನ ನಡುವೆ ಎಲ್ಲೋ ಇದ್ದಳು.

ಆರೂ ಹುಡುಗಿಯರು ಬಂದಿದ್ದರು. ಅವರಲ್ಲಿ ಯಾರು ಅಂದು ಮನೆಯಲ್ಲಿ ಬೇರೆ ಚಾಪೆಯಿಂದ ಎದ್ದು ಬಂದಿದ್ದರೋ ನೋಡಿದವರಿಗೆ ತಿಳಿಯುವ ಹಾಗಿರಲಿಲ್ಲ. ನನಗೂ ತಿಳಿಯಲಿಲ್ಲ. ಹಿಂದಿನ ಹಾಳೆಯಲ್ಲಿ ಎಳೆದಿದ್ದ ಆರು ಸಾಲುಗಳನ್ನು ಅಲ್ಲಿಯೇ ಅಡ್ಡಗೆರೆ ಎಳೆದು ಮುಗಿಸಿದೆ. ಆಮೇಲೆ ತಲೆಗಳನ್ನಷ್ಟೇ ಎಣಿಸಿದೆ. ಹತ್ತೊಂಬತ್ತು.